ಕಾವಲು ನಾಯಿಗೆ ಮನೆಯೊಳಗೆ ಜಾಗ



ದೊಡ್ಡ ನಾಯಿ ಸಾಕಿದವರನ್ನು ಜನ ಕೇಳುವ ಪ್ರಶ್ನೆ ಎರಡೇ. "ಇದು ಕಚ್ಚುತ್ತಾ?" ಎನ್ನುವುದು ಮೊದಲನೆಯದು. "ಮನೆ ಚೆನ್ನಾಗಿ ಕಾಯುತ್ತಾ?" ಎನ್ನುವುದು ಎರಡನೆಯದು. ಬಂದ ನೆಂಟರು, ಪಕ್ಕದ ಮನೆಯವರು, ಗ್ಯಾಸ್ ಸಿಲಿಂಡರ್ ತಂದ ಹುಡುಗ, ಎಲ್ಲರ ಬಾಯಲ್ಲೂ ಇವೇ. ನಾನು ಮಾತ್ರ ದೊಡ್ಡ ನಾಯಿಯಿರುವ ಮನೆಗೆ ಹೋದರೆ ಬೇರೊಂದನ್ನು ಕೇಳುತ್ತೇನೆ. ಇದು ರಾತ್ರಿ ಎಲ್ಲಿ ಮಲಗುತ್ತದೆ? ಹಗಲು ಯಾರ ಜೊತೆ ಇರುತ್ತದೆ? ಇದಕ್ಕೆ ಉತ್ತರ ಸಿಕ್ಕಿತೆಂದರೆ ಮೇಲಿನ ಎರಡಕ್ಕೂ ಉತ್ತರ ಸಿಕ್ಕಂತೆಯೇ. ಇವತ್ತು ನಾನು ಹೇಳಬೇಕೆಂದಿರುವುದೂ ಅದನ್ನೇ. ಕಾವಲಿನ ನಾಯಿ ಗೇಟಿನ ಪಕ್ಕದ ಬೋನಿನಲ್ಲಿ ಇರಬೇಕಾದ ಪ್ರಾಣಿಯಲ್ಲ, ಮನೆಯೊಳಗೆ, ಮನೆಯವರ ನಡುವೆ ಇರಬೇಕಾದದ್ದು.

ಕಾವಲಿನ ತಳಿಗಳು ಬೇಕಾದಷ್ಟಿವೆ. ನಾನು ಮಾತನಾಡುವುದು ರಾಟ್‌ವೀಲರ್ ಬಗ್ಗೆ. ನಮ್ಮ ಮನೆಯಲ್ಲಿರುವುದು ಅದೇ. ಹೆಣ್ಣು, ಹೆಸರು ಗೌರಿ. ಕಪ್ಪು ಮೈ, ಕೆನ್ನೆ, ಎದೆ, ಕಾಲುಗಳಲ್ಲಿ ಕಂದು ಬಣ್ಣ, ಎರಡು ಕಣ್ಣಿನ ಮೇಲೂ ಹುಬ್ಬಿನ ಹಾಗೆ ಒಂದೊಂದು ಕಂದು ಚುಕ್ಕೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲೂ ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲೂ ಈ ನಾಯಿಯನ್ನು ನೀವು ನೋಡಿಯೇ ಇರುತ್ತೀರಿ. ತಳಿಯ ಗುಣಲಕ್ಷಣ ಗೊತ್ತುಮಾಡುವ ಅಂತರರಾಷ್ಟ್ರೀಯ ಸಂಘದ ಪ್ರಕಾರ ಗಂಡು ಭುಜದ ಹತ್ತಿರ 61ರಿಂದ 68 ಸೆಂಟಿಮೀಟರ್ ಎತ್ತರ, ತೂಕ ಸುಮಾರು 50 ಕಿಲೋ. ಹೆಣ್ಣಿನ ತೂಕ ಸುಮಾರು 42 ಕಿಲೋ. ಹತ್ತನೇ ತರಗತಿ ಓದುವ ಒಬ್ಬ ಹುಡುಗನ ತೂಕ ಅದು. ಅಷ್ಟು ತೂಕ, ಅಷ್ಟು ಬಲ, ಅಂಥ ದವಡೆ ಇರುವ ಒಂದು ಜೀವದ ಜೊತೆ ಒಂದೇ ಸೂರಿನಡಿ ಬದುಕುವುದೆಂದರೆ ಏನು ಎನ್ನುವುದನ್ನು ಮರಿ ತರುವುದಕ್ಕೆ ಮುಂಚೆ ಯೋಚಿಸಬೇಕು. ಬಹಳ ಜನ ತಂದಮೇಲೆ ಯೋಚಿಸುತ್ತಾರೆ.

ಈ ತಳಿಯ ಊರು ಜರ್ಮನಿಯ ನೈರುತ್ಯ ಭಾಗದ ರಾಟ್‌ವೀಲ್. ನೆಕ್ಕರ್ ನದಿಯ ದಡದಲ್ಲಿದೆ. ಕ್ರಿಸ್ತಶಕ 73ರಲ್ಲಿ ರೋಮನ್ನರು ಕಟ್ಟಿದ ಊರು. ರೋಮನ್ ಸೈನ್ಯದ ಜೊತೆ ಆಹಾರಕ್ಕೆಂದು ದನದ ಹಿಂಡೂ ಬರುತ್ತಿತ್ತು, ಆ ಹಿಂಡು ಹೊಡೆದುಕೊಂಡು ಬರುತ್ತಿದ್ದ ನಾಯಿಗಳೇ ಈ ತಳಿಯ ಮೂಲ ಎಂದು ಹೇಳುವುದುಂಟು. ಮುಂದಿನ ಶತಮಾನಗಳಲ್ಲಿ ರಾಟ್‌ವೀಲ್ ದನದ ವ್ಯಾಪಾರದ ದೊಡ್ಡ ಕೇಂದ್ರವಾಯಿತು. ಕಸಾಯಿಗಳು ದೂರದ ಸಂತೆಗಳಿಂದ ದನ ಕೊಂಡು ತರುವಾಗ, ಮಾರಲು ಹೋಗುವಾಗ ಜೊತೆಗೆ ಈ ನಾಯಿ ಇರುತ್ತಿತ್ತು. ಅದಕ್ಕೇ ಇದಕ್ಕೆ ರಾಟ್‌ವೀಲಿನ ಕಸಾಯಿ ನಾಯಿ ಎಂಬ ಹೆಸರು ಬಿತ್ತು. ಹಠ ಹಿಡಿದು ನಿಂತ ಹೋರಿಯನ್ನು ಎದೆ, ಭುಜ ಕೊಟ್ಟು ತಳ್ಳುವುದು, ಹಿಂಡು ಬಿಟ್ಟು ಹೋದದ್ದನ್ನು ಮರಳಿ ಸೇರಿಸುವುದು, ಮಾಂಸದ ಗಾಡಿ ಎಳೆಯುವುದು, ರಾತ್ರಿ ತಂಗಿದ ಕಡೆ ಯಜಮಾನನನ್ನೂ ಅವನ ದುಡ್ಡನ್ನೂ ಕಾಯುವುದು, ಎಲ್ಲ ಇದರ ಕೆಲಸವೇ. ವ್ಯಾಪಾರ ಮುಗಿಸಿ ಬರುವಾಗ ಹಣದ ಚೀಲವನ್ನು ನಾಯಿಯ ಕೊರಳಿಗೇ ಕಟ್ಟುತ್ತಿದ್ದರು ಎನ್ನುವ ಮಾತು ಇಂದಿಗೂ ಆ ಸೀಮೆಯಲ್ಲಿದೆ.

ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಬಂತು. ದನಗಳನ್ನು ರಸ್ತೆಯಲ್ಲಿ ಹೊಡೆದುಕೊಂಡು ಹೋಗುವ ಪದ್ಧತಿ ನಿಂತುಹೋಯಿತು, ನಾಯಿಗೆ ಕೆಲಸವಿಲ್ಲದಾಯಿತು. ಆ ಶತಮಾನ ಮುಗಿಯುವ ಹೊತ್ತಿಗೆ ತಳಿಯೇ ಅಳಿದುಹೋಗುವ ಸ್ಥಿತಿ ಬಂದಿತ್ತು. ಉಳಿಸಿದ್ದು ಪೊಲೀಸರು. 1910ರಲ್ಲಿ ಜರ್ಮನಿಯಲ್ಲಿ ಇದನ್ನು ಪೊಲೀಸ್ ನಾಯಿಯೆಂದು ಅಧಿಕೃತವಾಗಿ ಒಪ್ಪಿಕೊಂಡರು. 1921ರಲ್ಲಿ ಬೇರೆ ಬೇರೆ ಸಂಘಗಳು ಒಂದಾಗಿ ಇಡೀ ಜರ್ಮನಿಗೆ ಒಂದು ರಾಟ್‌ವೀಲರ್ ಸಂಘವಾಯಿತು.

ಈ ಹಳೆಯ ಕತೆಯನ್ನು ಸುಮ್ಮನೆ ಹೇಳಲಿಲ್ಲ. ನೂರಾರು ವರ್ಷ ಈ ನಾಯಿ ದಿನವಿಡೀ ಮನುಷ್ಯನ ಪಕ್ಕದಲ್ಲಿ ನಡೆದಿದೆ, ಅವನ ಮುಖ ನೋಡಿ ಕೆಲಸ ಮಾಡಿದೆ. ಬೆಟ್ಟದ ಮೇಲೆ ಕುರಿಗಳ ನಡುವೆ ಒಂಟಿಯಾಗಿ ರಾತ್ರಿ ಕಳೆಯುವ ಕಾವಲು ತಳಿಗಳು ಬೇರೆ ಇವೆ, ಅವುಗಳ ಸ್ವಭಾವವೂ ಬೇರೆ. ಇದಕ್ಕೆ ಒಬ್ಬರು ಬೇಕೇ ಬೇಕು. ನಮ್ಮ ಗೌರಿ ನಾನು ಅಡುಗೆಮನೆಗೆ ಹೋದರೆ ಅಡುಗೆಮನೆ ಬಾಗಿಲಿಗೆ, ಹಿತ್ತಿಲಿಗೆ ಹೋದರೆ ಹಿತ್ತಿಲಿಗೆ ಬರುತ್ತಾಳೆ. ನಿಂತ ಕಡೆ ಬಂದು ತನ್ನ ಪಕ್ಕೆಯನ್ನು ನನ್ನ ಕಾಲಿಗೆ ಒರಗಿಸಿ ಅರ್ಧ ಭಾರ ನನ್ನ ಮೇಲೆ ಬಿಟ್ಟು ನಿಲ್ಲುತ್ತಾಳೆ. ರಾಟ್‌ವೀಲರ್ ಸಾಕಿದವರೆಲ್ಲ ಬಲ್ಲ ಅಭ್ಯಾಸ ಇದು. ಹೋರಿಯನ್ನು ತಳ್ಳಲು ಬಳಸಿದ ಅದೇ ಭುಜವನ್ನು ಮನೆಯಲ್ಲಿ ಪ್ರೀತಿಗೆ ಬಳಸುತ್ತದೆ ಎಂದು ನನಗೆ ಅನ್ನಿಸುತ್ತದೆ. ಕಿವಿಯ ಹಿಂದೆ ಕೆರೆದರೆ ಗಂಟಲಿನಿಂದ ಗುಡುಗುಡು ಎಂದು ಒಂದು ದನಿ ಬರುತ್ತದೆ. ಹೊಸಬರು ಅದನ್ನು ಗುರುಗುಟ್ಟುವುದೆಂದು ತಿಳಿದು ಕೈ ಹಿಂದೆಗೆಯುತ್ತಾರೆ. ಅದು ಸಂತೋಷದ ದನಿ. ಮೈ ಸಡಿಲವಾಗಿದ್ದು, ಕಣ್ಣು ಮೆತ್ತಗಾಗಿದ್ದರೆ ಸಂತೋಷ. ಮೈ ಬಿಗಿದು, ಬಾಯಿ ಮುಚ್ಚಿ, ನೋಟ ನೆಟ್ಟು ಬರುವ ದನಿಯಾದರೆ ಎಚ್ಚರಿಕೆ. ಈ ಎರಡರ ವ್ಯತ್ಯಾಸ ಮನೆಯ ಪ್ರತಿಯೊಬ್ಬರಿಗೂ, ಮಕ್ಕಳಿಗೂ, ಗೊತ್ತಿರಬೇಕು.

ಇಂಥ ಪ್ರಾಣಿಯನ್ನು ನಮ್ಮಲ್ಲಿ ಹೇಗೆ ಸಾಕುತ್ತಾರೆ ನೋಡಿ. ಎರಡು ತಿಂಗಳ ಮರಿಯನ್ನು ತಂದು ಮೊದಲೊಂದಿಷ್ಟು ದಿನ ಎಲ್ಲರೂ ಮುದ್ದು ಮಾಡುತ್ತಾರೆ. ಮರಿ ಬೆಳೆದು, ಸೋಫಾ ಕಡಿದು, ಬಟ್ಟೆ ಎಳೆದಾಡತೊಡಗಿದ ಮೇಲೆ ಕಾಂಪೌಂಡಿನ ಮೂಲೆಯಲ್ಲಿ ಒಂದು ಕಬ್ಬಿಣದ ಬೋನು ಬರುತ್ತದೆ. ಇಲ್ಲವೇ ಒಂದು ಸರಪಳಿ. ಹಗಲೆಲ್ಲ ಅಲ್ಲಿ, ರಾತ್ರಿ ಕಾಂಪೌಂಡಿನೊಳಗೆ ಬಿಡುವುದು. "ಯಾರಿಗೂ ಬಳಕೆ ಮಾಡಬೇಡಿ, ಬಳಕೆ ಆದರೆ ಕಾಯೋದಿಲ್ಲ" ಎಂದು ಹೇಳುವವರೂ ಇದ್ದಾರೆ. ಈ ಮಾತು ಪೂರ್ತಿ ತಪ್ಪು. ಇದರಿಂದ ನಾಯಿಗೂ ಮನುಷ್ಯರಿಗೂ ಆಗಿರುವ ಅನ್ಯಾಯಕ್ಕೆ ಲೆಕ್ಕವಿಲ್ಲ.

ಯಾಕೆ ತಪ್ಪು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಯುವುದೆಂದರೆ ಯಾವುದು ಸರಿ, ಯಾವುದು ಸರಿಯಲ್ಲ ಎಂದು ಬೇರ್ಪಡಿಸುವುದು. ಪ್ರತಿದಿನ ಬೆಳಿಗ್ಗೆ ಹಾಲಿನವರು ಬರುವುದು ಸರಿ. ಮಧ್ಯರಾತ್ರಿ ಹಿತ್ತಿಲ ಗೋಡೆ ಹಾರಿ ಒಬ್ಬ ಬರುವುದು ಸರಿಯಲ್ಲ. ನಮ್ಮತ್ತೆಯ ಕೈ ಹಿಡಿದು ಮೆಟ್ಟಿಲು ಇಳಿಸುವ ಹೊಸ ನರ್ಸ್ ಸರಿ. ಅದೇ ಅತ್ತೆ ಕೂಗಿಕೊಳ್ಳುವಂತೆ ಕೈ ಎಳೆದವನು ಸರಿಯಲ್ಲ. ನಾಯಿಗೆ ಈ ವ್ಯತ್ಯಾಸ ತಿಳಿಯಬೇಕಾದರೆ ಅದು ಸಾವಿರ ಸಲ ಸರಿಯಾದದ್ದನ್ನು ನೋಡಿರಬೇಕು. ಮನೆಯ ಸಹಜ ದಿನ ಹೇಗಿರುತ್ತದೆ, ಯಾರು ಬರುತ್ತಾರೆ, ಯಾರು ನಗುತ್ತಾರೆ, ಜಗಳದ ದನಿ ಯಾವುದು, ತಮಾಷೆಯ ದನಿ ಯಾವುದು ಎನ್ನುವುದೆಲ್ಲ ಅದರ ಕಿವಿಗೆ ಬಿದ್ದಿರಬೇಕು. ಬೋನಿನೊಳಗಿರುವ ನಾಯಿಗೆ ಅದು ಯಾವುದೂ ತಿಳಿಯುವುದಿಲ್ಲ. ಅದಕ್ಕೆ ಗೊತ್ತಿರುವುದು ಗೇಟು ಮತ್ತು ಗೇಟಿನಾಚೆ ಹಾದುಹೋಗುವ ಕಾಲುಗಳು. ಹಾಗಾಗಿ ಎಲ್ಲರಿಗೂ ಒಂದೇ ಬೊಗಳು. ಒಂದು ದಿನ ಚಿಲಕ ಸಡಿಲಾಗಿ ಹೊರಗೆ ಬಂದರೆ ಅದು ಹಿಡಿಯುವುದು ಕಳ್ಳನನ್ನಲ್ಲ. ಪೇಪರ್ ಹಾಕುವ ಹುಡುಗನನ್ನು, ಆಡುತ್ತಿದ್ದ ಮಗುವನ್ನು, ಬೆಳಗಿನ ಹೊತ್ತು ನಡೆಯಲು ಹೊರಟ ವಯಸ್ಸಾದವರನ್ನು.

ಕಟ್ಟಿದ ನಾಯಿಗೆ ಇನ್ನೊಂದು ಕಷ್ಟವಿದೆ. ಹೆದರಿದಾಗ ದೂರ ಹೋಗುವುದು ಪ್ರಾಣಿಯ ಮೊದಲ ದಾರಿ. ಸರಪಳಿ ಆ ದಾರಿಯನ್ನು ಕಿತ್ತುಕೊಳ್ಳುತ್ತದೆ, ಉಳಿಯುವುದು ಮೇಲೆ ಬೀಳುವ ದಾರಿ ಮಾತ್ರ. ಆಮೇಲೆ ನಾವು ನಾಯಿಗೆ ಕೆಟ್ಟ ಹೆಸರು ಕೊಡುತ್ತೇವೆ.

ಮನೆಯೊಳಗೆ ಬೆಳೆದ ನಾಯಿ ಮೆತ್ತಗಾಗಿಬಿಡುತ್ತದೆಂಬ ಭಯ ಬೇಡ. ಕಾಯುವುದು ಇದರ ರಕ್ತದಲ್ಲೇ ಇದೆ, ಒಂದೂವರೆ ಎರಡು ವರ್ಷಕ್ಕೆ ಪ್ರಾಯ ಬಂದಂತೆ ತಾನಾಗಿ ಬರುತ್ತದೆ. ಯಾರೂ ಕಲಿಸಬೇಕಾಗಿಲ್ಲ. ತೋಳಿಗೆ ಗೋಣಿ ಸುತ್ತಿಕೊಂಡು ನಾಯಿಯನ್ನು ಕೆಣಕಿ ಕಚ್ಚುವುದನ್ನು ಕಲಿಸುವವರ ಹತ್ತಿರ ಮನೆಯ ನಾಯಿಯನ್ನು ದಯವಿಟ್ಟು ಬಿಡಬೇಡಿ. ನಾವು ಕಲಿಸಬೇಕಾದದ್ದು ತಡೆದುಕೊಳ್ಳುವುದನ್ನು. ಕೂರು ಎಂದರೆ ಕೂರಬೇಕು, ಬಾ ಎಂದರೆ ಬರಬೇಕು, ಬಿಡು ಎಂದರೆ ಬಾಯಲ್ಲಿರುವುದನ್ನು ಬಿಡಬೇಕು, ನಿನ್ನ ಜಾಗಕ್ಕೆ ಹೋಗು ಎಂದರೆ ತನ್ನ ಚಾಪೆಗೆ ಹೋಗಿ ಮಲಗಬೇಕು. ಗೌರಿಗೆ ಇವನ್ನು ಕನ್ನಡದಲ್ಲೇ ಕಲಿಸಿದೆವು. ಮನೆಯಲ್ಲಿ ಎಲ್ಲರೂ ಒಂದೇ ಮಾತು ಬಳಸಬೇಕು ಎನ್ನುವುದೊಂದೇ ನಿಯಮ. ಚಿಕ್ಕ ಚಿಕ್ಕ ಕೋಳಿಮಾಂಸದ ತುಂಡು, ಒಂದು ಒಳ್ಳೆಯ ಮಾತು, ದಿನಕ್ಕೆ ಹತ್ತು ನಿಮಿಷದಂತೆ ಎರಡು ಮೂರು ಸಲ, ಇಷ್ಟರಲ್ಲಿ ಕಲಿಯುತ್ತದೆ. ಹೊಡೆದು ಕಲಿಸಿದ್ದು ನಿಲ್ಲುವುದಿಲ್ಲ. ಅದರಲ್ಲೂ 50 ಕಿಲೋ ತೂಕದ ಪ್ರಾಣಿಗೆ ಮನುಷ್ಯನ ಕೈ ಎಂದರೆ ನೋವು ಎಂದು ಕಲಿಸುವುದು ಎಷ್ಟು ಅಪಾಯ, ನೀವೇ ಯೋಚಿಸಿ.

ಮರಿ ತರುವ ವಿಷಯಕ್ಕೆ ಬರೋಣ. ತಾಯಿಯನ್ನು ನೋಡದೆ ಮರಿ ಕೊಳ್ಳಬೇಡಿ. ತಾಯಿ ಅಪರಿಚಿತರ ಎದುರು ನೆಮ್ಮದಿಯಾಗಿದ್ದರೆ ಮರಿಯೂ ಹಾಗೆ ಬೆಳೆಯುವ ಸಂಭವ ಹೆಚ್ಚು. ತಂದೆತಾಯಿಯ ಸೊಂಟದ ಎಕ್ಸ್‌ರೇ ತೆಗೆಸಿದ್ದಾರೆಯೇ ಕೇಳಿ, ಈ ತಳಿಯಲ್ಲಿ ಸೊಂಟದ ಕೀಲು ಸರಿಯಾಗಿ ಕೂರದಿರುವ ತೊಂದರೆ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬಾರದು. ಒಡಹುಟ್ಟಿದವರ ಜೊತೆ ಕಚ್ಚಾಡುವಾಗಲೇ ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂದು ಅದು ಕಲಿಯುವುದು. ಬಾಲ ಕತ್ತರಿಸಿದ ಮರಿಯನ್ನೇ ಕೇಳುವವರು ಈಗಲೂ ಇದ್ದಾರೆ. ತಳಿಯ ತವರಾದ ಜರ್ಮನಿಯಲ್ಲೇ 1998ರಿಂದ ಬಾಲ ಕತ್ತರಿಸುವುದಕ್ಕೆ ನಿಷೇಧವಿದೆ. ನಾಯಿ ತನ್ನ ಮನಸ್ಸನ್ನು ಬಾಲದಲ್ಲಿ ಹೇಳುತ್ತದೆ. ಅದನ್ನು ಕತ್ತರಿಸುವುದಕ್ಕೆ ನಮಗೆ ಯಾವ ಹಕ್ಕೂ ಇಲ್ಲ.

ಮರಿಗೆ ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದ ತನಕ ಮನಸ್ಸು ತೆರೆದಿರುವ ಕಾಲ. ಆಗ ನೋಡಿದ್ದು, ಕೇಳಿದ್ದು, ಮುಟ್ಟಿದ್ದು ಲೋಕದ ಸಹಜ ವಸ್ತುಗಳೆಂದು ಅದರೊಳಗೆ ಉಳಿಯುತ್ತದೆ. ಆಗ ನೋಡದ್ದರ ಬಗ್ಗೆ ಆಮೇಲೆ ಸಂಶಯ. ತೊಡಕೇನೆಂದರೆ ಇದೇ ಕಾಲದಲ್ಲಿ ಮರಿಗೆ ಪಾರ್ವೊ ಎಂಬ ಭೇದಿ ರೋಗದ ಭಯವೂ ಇರುತ್ತದೆ. ರಾಟ್‌ವೀಲರ್ ಮರಿಗಳಿಗೆ ಆ ರೋಗ ಬೇರೆ ತಳಿಗಳಿಗಿಂತ ಬೇಗ ತಗಲುತ್ತದೆ, ಜೋರಾಗಿಯೂ ಬರುತ್ತದೆ. ಆರರಿಂದ ಎಂಟು ವಾರಕ್ಕೆ ಶುರುವಾಗುವ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಬೇಕು. ಅಲ್ಲಿಯವರೆಗೆ ಬೀದಿಯ ನೆಲದ ಮೇಲೆ ಬಿಡುವಂತಿಲ್ಲ. ಹಾಗೆಂದು ಮನೆಯೊಳಗೇ ಮುಚ್ಚಿಡುವಂತೆಯೂ ಇಲ್ಲ.

ಇದಕ್ಕೆ ದಾರಿ ಇದೆ. ಮರಿಯನ್ನು ಎತ್ತಿಕೊಂಡು ಹೋಗಿ. ನಾವು ಹಾಸನದ ಸಂತೆಯ ಅಂಚಿನಲ್ಲಿ ಗೌರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂರುತ್ತಿದ್ದೆವು. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು, ಹೆಲ್ಮೆಟ್ ತೆಗೆಯದೆ ಮಾತಾಡುವ ಗಂಡಸರು, ಛತ್ರಿ ಬಿಚ್ಚುವವರು, ಕೋಲೂರಿ ನಡೆಯುವ ಅಜ್ಜಂದಿರು, ಬುರ್ಖಾ ತೊಟ್ಟವರು, ಪಂಚೆ ಉಟ್ಟವರು, ಆಟೋ ಹಾರ್ನು, ದೇವಸ್ಥಾನದ ಗಂಟೆ, ಮೆರವಣಿಗೆಯ ತಮಟೆ, ಎಲ್ಲವನ್ನೂ ಮರಿ ಬೆಚ್ಚಗೆ ಕೂತು ನೋಡಿತು. ಹೂವು ಮಾರುವ ಅಜ್ಜಿಯ ಕೈಯಿಂದ ಒಂದು ಚೂರು ಬಿಸ್ಕತ್ತು ತಿಂದಿತು. ದೊಡ್ಡ ಕಾವಲು ತಳಿಗೆ ಇಂಥ ತಿಂಗಳುಗಳನ್ನು ಕೊಡುವುದಕ್ಕಿಂತ ದೊಡ್ಡ ತರಬೇತಿ ಇಲ್ಲ. ದೀಪಾವಳಿಯ ಪಟಾಕಿಗೆ ಕೂಡ ಮರಿಯಿದ್ದಾಗಲೇ, ದೂರದ ಸದ್ದಿನಿಂದ ಶುರುಮಾಡಿ, ಒಳಗೆ ಕೂರಿಸಿಕೊಂಡು, ತಿನ್ನಲು ಕೊಟ್ಟು ರೂಢಿ ಮಾಡಿಸಬೇಕು.

ಮಕ್ಕಳ ವಿಷಯ. ಅಮೆರಿಕದ ಅಲೆಕ್ಸಾಂಡ್ರಾ ಡೇ 1985ರಲ್ಲಿ ಒಂದು ಚಿತ್ರಪುಸ್ತಕ ಮಾಡಿದರು, ಹೆಸರು ಗುಡ್ ಡಾಗ್, ಕಾರ್ಲ್. ತಾಯಿ ಹೊರಗೆ ಹೋಗುವಾಗ ಕಾರ್ಲ್ ಎಂಬ ರಾಟ್‌ವೀಲರಿಗೆ ಮಗುವನ್ನು ನೋಡಿಕೊಳ್ಳಲು ಹೇಳಿ ಹೋಗುತ್ತಾಳೆ. ಅಮ್ಮ ಬರುವುದರೊಳಗೆ ನಾಯಿ ಮಗುವಿನ ಜೊತೆ ಮನೆಯೆಲ್ಲ ಆಡಿ, ಊಟ ಮಾಡಿಸಿ, ಸ್ನಾನ ಮಾಡಿಸಿ ಮತ್ತೆ ತೊಟ್ಟಿಲಿಗೆ ಸೇರಿಸುತ್ತದೆ. ಹೆಚ್ಚುಕಡಿಮೆ ಮಾತೇ ಇಲ್ಲದ ಪುಸ್ತಕ, ಚಿತ್ರಗಳು ಬಹಳ ಚಂದ. ಈ ತಳಿಗೆ ಮಕ್ಕಳ ಮೇಲಿರುವ ಮಮತೆ ಆ ಚಿತ್ರಗಳಲ್ಲಿ ಸರಿಯಾಗಿಯೇ ಬಂದಿದೆ. ಆದರೆ ಆ ತಾಯಿ ಮಾಡಿದ್ದನ್ನು ನಾವು ಯಾರೂ ಮಾಡಬಾರದು. ಚಿಕ್ಕ ಮಗುವನ್ನೂ ನಾಯಿಯನ್ನೂ, ಅದು ಎಷ್ಟೇ ಸಾಧುವಾಗಿರಲಿ, ದೊಡ್ಡವರಿಲ್ಲದ ಕೋಣೆಯಲ್ಲಿ ಬಿಡಬಾರದು.

ಅಪಾಯ ಹಲ್ಲಿನಿಂದಲೇ ಬರಬೇಕೆಂದಿಲ್ಲ. ಸಂತೋಷದಿಂದ ತಿರುಗಿದ ನಾಯಿಯ ಸೊಂಟ ತಾಗಿ ಮಗು ಬೀಳುತ್ತದೆ. ವಯಸ್ಸಾದವರು ಬಿದ್ದರಂತೂ ಮೂಳೆಯೇ ಮುರಿಯುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಮೆಟ್ಟಿಲು ಮತ್ತು ಬಾಗಿಲ ಬಳಿ ಗೌರಿ ಕೂತು ಕಾಯಬೇಕು, ಮನುಷ್ಯರು ಮೊದಲು ದಾಟಬೇಕು. ಮಕ್ಕಳಿಗೂ ಪಾಠವಿದೆ. ಊಟ ಮಾಡುವಾಗ ನಾಯಿಯ ಹತ್ತಿರ ಹೋಗಬಾರದು. ಮಲಗಿದ್ದಾಗ ಮೇಲೆ ಬಿದ್ದು ಎಬ್ಬಿಸಬಾರದು, ದೂರದಿಂದ ಹೆಸರು ಹಿಡಿದು ಕರೆಯಬೇಕು. ಕುತ್ತಿಗೆಗೆ ಜೋತುಬಿದ್ದು ಅಪ್ಪಿಕೊಳ್ಳಬಾರದು. ನಮಗೆ ಅಪ್ಪುಗೆ ಪ್ರೀತಿ, ನಾಯಿಗೆ ಅದು ಕಟ್ಟಿಹಾಕಿದ ಹಾಗೆ. ನಾಯಿ ಮುಖ ಆಚೆ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ಎದ್ದು ಹೋದರೆ "ಸಾಕು" ಎಂದು ಅದು ಹೇಳಿದೆ, ಹೋಗಲು ಬಿಡಬೇಕು. ಇಷ್ಟಾದ ಮೇಲೂ ಒಮ್ಮೆ ಗುರ್ ಎಂದಿತು ಎನ್ನಿ. ಗದರಿಸಬೇಡಿ. ಗುರ್ ಎನ್ನುವುದು ಎಚ್ಚರಿಕೆ ಕೊಡುವ ಒಳ್ಳೆಯತನ. ಅದಕ್ಕೆ ಶಿಕ್ಷೆ ಕೊಟ್ಟರೆ ಮುಂದಿನ ಸಲ ನಾಯಿ ಎಚ್ಚರಿಕೆ ಕೊಡದೆ ಕಚ್ಚುವುದನ್ನು ಕಲಿಯುತ್ತದೆ. ಮಗುವನ್ನು ದೂರ ಕರೆದುಕೊಳ್ಳಿ, ನಾಯಿಗೆ ಏನು ಸಹಿಸಲಾಗಲಿಲ್ಲವೆಂದು ಆಮೇಲೆ ಯೋಚಿಸಿ.

ಮನೆಗೆ ಬರುವವರ ವಿಷಯದಲ್ಲಿ ನನಗೆ ಬಹಳ ಕಳಕಳಿಯಿದೆ. ನಾಯಿ ಸಾಕಿದವರು ಗೇಟಿನಲ್ಲಿ ನಿಂತು "ಬನ್ನಿ ಬನ್ನಿ, ಏನೂ ಮಾಡಲ್ಲ" ಎನ್ನುತ್ತಾರೆ. ಬಂದವರ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಚಿಕ್ಕಂದಿನಲ್ಲಿ ನಾಯಿ ಕಚ್ಚಿಸಿಕೊಂಡು ಸೂಜಿ ಹಾಕಿಸಿಕೊಂಡವರು ನಮ್ಮ ಊರುಗಳಲ್ಲಿ ಎಷ್ಟು ಜನ! ಅವರ ಭಯ ನಿಜವಾದದ್ದು, ಅದಕ್ಕೆ ಮರ್ಯಾದೆ ಕೊಡಬೇಕು. "ಅಮ್ಮಾ, ನಾಯಿ ಕಟ್ಟಿದೀರಾ?" ಎಂದು ಹಾಲಿನ ಸೋಮಣ್ಣ ಕೂಗಿದರೆ, "ಒಳಗಿದ್ದಾಳೆ ಸೋಮಣ್ಣ, ನೀವು ಬನ್ನಿ" ಎಂದು ನಾನು ಹೇಳುವ ತನಕ ಅವರು ಗೇಟು ತೆರೆಯುವುದಿಲ್ಲ. ಅದು ಅವರ ಹಕ್ಕು. ನೆಂಟರು ಬಂದಾಗ ಗೌರಿ ಒಳಕೋಣೆಯಲ್ಲಿರುತ್ತಾಳೆ. ಅವರು ಕೂತು, ಕಾಫಿ ಕುಡಿದು, ಮನೆಯಲ್ಲಿ ಮಾತು ಹರಿಯತೊಡಗಿದ ಮೇಲೆ, ಅವರು ಒಪ್ಪಿದರೆ, ಕೊರಳಪಟ್ಟಿಗೆ ಹಗ್ಗ ಹಾಕಿ ಕರೆತರುತ್ತೇನೆ. ಅವಳು ಒಮ್ಮೆ ಎಲ್ಲರನ್ನೂ ಮೂಸಿ ತನ್ನ ಚಾಪೆಗೆ ಹೋಗುತ್ತಾಳೆ. ಒಪ್ಪದಿದ್ದರೆ ಇಡೀ ಹೊತ್ತು ಒಳಗೇ ಇರುತ್ತಾಳೆ, ಬೇಸರವೇನಿಲ್ಲ. ಹೊರಗೆ ನಡೆಯಲು ಹೋದಾಗಲೂ ಹಗ್ಗ ಬಿಚ್ಚುವ ಮಾತಿಲ್ಲ. ಎದುರಿಗೆ ಮಗುವನ್ನು ಎತ್ತಿಕೊಂಡ ತಾಯಿ ಬಂದರೆ ರಸ್ತೆ ದಾಟಬೇಕಾದವರು ನಾವು.

ಕಾನೂನೂ ಇದನ್ನೇ ಹೇಳುತ್ತದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. 2024ರ ಮಾರ್ಚಿನಲ್ಲಿ ಕೇಂದ್ರದ ಪಶುಸಂಗೋಪನೆ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ರಾಟ್‌ವೀಲರ್ ಸೇರಿ 23 ತಳಿಗಳ ಸಾಕಣೆ, ಮಾರಾಟಕ್ಕೆ ಪರವಾನಗಿ ಕೊಡಬಾರದು, ಈಗಾಗಲೇ ಮನೆಗಳಲ್ಲಿರುವವಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು ಎಂದು ಅದರಲ್ಲಿತ್ತು. ಬೆಂಗಳೂರಿನಲ್ಲಿ ನಾಯಿ ಸಾಕಿದವರು ನ್ಯಾಯಾಲಯಕ್ಕೆ ಹೋದರು. ಸಂಬಂಧಪಟ್ಟವರ ಮಾತನ್ನೇ ಕೇಳದೆ ಮಾಡಿದ ಸುತ್ತೋಲೆಯೆಂದು ಕರ್ನಾಟಕ ಹೈಕೋರ್ಟು ಅದೇ ವರ್ಷ ಏಪ್ರಿಲಿನಲ್ಲಿ ಅದನ್ನು ರದ್ದು ಮಾಡಿತು. ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಸುತ್ತೋಲೆ ಹುಟ್ಟಿದ್ದರ ಹಿಂದೆ ಗಾಯಗೊಂಡ ಮಕ್ಕಳಿದ್ದರು, ಸತ್ತವರಿದ್ದರು ಎನ್ನುವುದನ್ನು ನಾಯಿ ಪ್ರೀತಿಸುವವರು ಮರೆಯಬಾರದು. ತಳಿ ನಿಷೇಧಿಸಬೇಡಿ ಎಂದು ಕೇಳುವ ನಾವು, ನಮ್ಮ ನಾಯಿಯಿಂದ ಒಬ್ಬರಿಗೂ ಗಾಯವಾಗದಂತೆ ಬಾಳಿ ತೋರಿಸಬೇಕು. ಎಲ್ಲಕ್ಕಿಂತ ಮೊದಲು, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪ್ರತಿವರ್ಷ. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಊಟ, ಆರೋಗ್ಯದ ಬಗ್ಗೆ ಕೆಲವೇ ಮಾತು. ಹಳೇ ಮೈಸೂರಿನ ಕಡೆ ನಾಯಿಗೆ ರಾಗಿಮುದ್ದೆ ಹಾಕುವ ರೂಢಿ. ರಾಗಿ ಒಳ್ಳೆಯದೇ, ಆದರೆ ಬರೀ ಮುದ್ದೆ, ಮಜ್ಜಿಗೆಯಿಂದ ಈ ಮೈ ನಿಲ್ಲದು. ಮಾಂಸ, ಮೊಟ್ಟೆ ಬೇಕು. ಸಸ್ಯಾಹಾರದ ಮನೆಯವರು ಇದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಬೇಯಿಸಿದ ಮೂಳೆ, ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಬೇಡವೇ ಬೇಡ. ಮರಿ ದಪ್ಪವಾಗಿ ಬೆಳೆಯಲೆಂದು ಬಾಟಲಿಗಟ್ಟಲೆ ಕ್ಯಾಲ್ಸಿಯಂ ಕುಡಿಸುವವರಿದ್ದಾರೆ. ದೊಡ್ಡ ತಳಿಯಲ್ಲಿ ಅದರಿಂದ ಮೂಳೆ ಕೆಡುತ್ತದೆ. ವೈದ್ಯರು ಹೇಳದೆ ಕೊಡಬೇಡಿ. ಒಂದೂವರೆ ವರ್ಷದವರೆಗೆ ಎತ್ತರದಿಂದ ನೆಗೆಸುವುದು, ಬೈಕಿನ ಹಿಂದೆ ಓಡಿಸುವುದು ಬೇಡ. ಮನುಷ್ಯರ ಜ್ವರದ, ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಬೇಡಿ, ಪ್ರಾಣವೇ ಹೋಗಬಹುದು.

ಎರಡು ಸಂಗತಿಗಳನ್ನು ಮಾತ್ರ ಒತ್ತಿ ಹೇಳುತ್ತೇನೆ. ಒಂದು, ಹೊಟ್ಟೆ ತಿರುಚಿಕೊಳ್ಳುವುದು. ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ಉಬ್ಬಿ ತಿರುಚಿಕೊಳ್ಳುತ್ತದೆ. ನಾಯಿ ಚಡಪಡಿಸುತ್ತದೆ, ಜೊಲ್ಲು ಸುರಿಯುತ್ತದೆ, ವಾಂತಿಗೆ ತಿಣುಕುತ್ತದೆ, ಏನೂ ಬರುವುದಿಲ್ಲ. ಇದನ್ನು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಅದಕ್ಕೇ ದಿನದ ಊಟವನ್ನು ಎರಡು ಸಲಕ್ಕೆ ಹಂಚಿ, ಉಂಡಮೇಲೆ ಒಂದು ಗಂಟೆಯಾದರೂ ಓಟ ಆಟ ಬೇಡ. ಎರಡು, ಬಿಸಿಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಲ್ಲೇ ಮೈ ತಣಿಸಿಕೊಳ್ಳಬೇಕು. ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಗೆಯಲ್ಲಿ ಕಪ್ಪು ತುಪ್ಪಳದ ನಾಯಿಯನ್ನು ತಗಡಿನ ಬೋನಿನಲ್ಲಿ ಇಡುವುದು ಕೊಲ್ಲುವುದಕ್ಕೆ ಸಮ. ನಡೆಸುವುದು ಬೆಳಕು ಹರಿಯುವಾಗ, ಮತ್ತೆ ಹೊತ್ತು ಮುಳುಗಿ ನೆಲ ಆರಿದ ಮೇಲೆ. ಬಿಸಿಲು ತಗುಲಿ ಕುಸಿದರೆ ನೆರಳಿಗೆ ತಂದು ಹೊಟ್ಟೆ, ತೊಡೆಸಂದಿಗೆ ತಣ್ಣೀರು ಸುರಿದು ಗಾಳಿ ಬೀಸುತ್ತಾ ವೈದ್ಯರ ಬಳಿ ಒಯ್ಯಬೇಕು. ಮಲೆನಾಡಿನವರಿಗೆ ಬಿಸಿಲಿಗಿಂತ ಉಣ್ಣೆ ಕಾಟ ಹೆಚ್ಚು. ತೋಟದಿಂದ ಬಂದ ಕೂಡಲೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಿ. ನಾಯಿ ಮಂಕಾಗಿ, ಊಟ ಬಿಟ್ಟು, ಒಸಡು ಬಿಳಿಚಿದರೆ ಉಣ್ಣೆ ಜ್ವರವಿರಬಹುದು, ರಕ್ತ ಪರೀಕ್ಷೆ ಮಾಡಿಸಿ.

ಈ ನಾಯಿಗಳು ಬಹಳ ಕಾಲ ಬದುಕುವುದಿಲ್ಲ, ಒಂಬತ್ತು ಹತ್ತು ವರ್ಷ. ಮೂಳೆಯ ಕ್ಯಾನ್ಸರ್ ಈ ತಳಿಯ ದೊಡ್ಡ ಶತ್ರು. ಒಂದು ವರ್ಷ ತುಂಬುವ ಮೊದಲೇ ಸಂತಾನಹರಣ ಚಿಕಿತ್ಸೆಯಾದ ರಾಟ್‌ವೀಲರ್‌ಗಳಲ್ಲಿ ಅದು ಹೆಚ್ಚೆಂದು 2002ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು ತೋರಿಸಿತು. ಯಾವ ವಯಸ್ಸಿಗೆ ಮಾಡಿಸಬೇಕೆಂದು ವೈದ್ಯರ ಜೊತೆ ಕೂತು ಮಾತಾಡಿ. ತೂಕ ಹೆಚ್ಚದಂತೆ ನೋಡಿಕೊಳ್ಳಿ, ಪಕ್ಕೆಲುಬು ಕೈಗೆ ಸಿಗುವ ಹಾಗಿರಲಿ. ಗೌರಿಗೂ ಈಗ ಮೂತಿಯ ಸುತ್ತ ನರೆ ಬಂದಿದೆ. ಮೆಟ್ಟಿಲ ಬಳಿ ನಿಂತು ನನ್ನ ಮುಖ ನೋಡುತ್ತಾಳೆ, ನಾನು ಅವಳ ಜೊತೆ ನಿಧಾನವಾಗಿ ಹತ್ತುತ್ತೇನೆ. ಇಷ್ಟು ಚಿಕ್ಕ ಆಯಸ್ಸಿನ ಜೀವ ಅದರಲ್ಲಿ ಅರ್ಧವನ್ನು ಬೋನಿನಲ್ಲಿ ಒಬ್ಬಂಟಿಯಾಗಿ ಕಳೆಯುವುದನ್ನು ನೆನೆದರೆ ನನಗೆ ತಡೆಯಲಾಗುವುದಿಲ್ಲ.

ಕೇಳುಗರೇ, ನಿಮ್ಮಲ್ಲಿ ಯಾರಾದರೂ ದೊಡ್ಡ ನಾಯಿಯ ಮರಿ ತರಬೇಕೆಂದಿದ್ದರೆ, ಮೊದಲು ಮನೆಯವರೆಲ್ಲ ಕೂತು ಮಾತಾಡಿ. ದಿನಕ್ಕೆ ಎರಡು ಸಲ ನಡೆಸುವವರು ಯಾರು, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು, ತಿಂಗಳ ಖರ್ಚು ತಡೆಯುತ್ತದೆಯೇ ಎಂದು ಗೊತ್ತುಮಾಡಿಕೊಳ್ಳಿ. ಬರೀ ಕಳ್ಳರ ಭಯಕ್ಕೆ ಬೇಕಾಗಿದ್ದರೆ ಒಳ್ಳೆಯ ಬೀಗ, ಕ್ಯಾಮೆರಾ ಸಾಕು, ನಾಯಿ ತರಬೇಡಿ. ಈಗಾಗಲೇ ನಿಮ್ಮ ಅಂಗಳದ ಮೂಲೆಯಲ್ಲಿ ಕಟ್ಟಿದ ನಾಯಿಯಿದ್ದರೆ, ಅದು ಜನರ ಮೇಲೆ ಏರಿಹೋಗುವಂತಿದ್ದರೆ ಮೊದಲು ನಿಮ್ಮ ಊರಿನ ಪಶುವೈದ್ಯರನ್ನು ಕಂಡು ಸಲಹೆ ಕೇಳಿ. ಹಾಗಿಲ್ಲದಿದ್ದರೆ ನಾಳೆ ಬೆಳಿಗ್ಗೆಯೇ ಗಟ್ಟಿಯಾದ ಕೊರಳಪಟ್ಟಿ, ಹಗ್ಗ ಹಾಕಿ ಅರ್ಧ ಗಂಟೆ ನಡೆಸಿಕೊಂಡು ಬನ್ನಿ. ಬಂದಮೇಲೆ ಸರಪಳಿಗೆ ಕಟ್ಟಬೇಡಿ. ನೀವು ಕೂರುವ ಹಜಾರದಲ್ಲೇ ಒಂದು ಚಾಪೆ ಹಾಸಿ ಅದಕ್ಕೆ ಜಾಗ ಕೊಡಿ.